ಕಣ್ಣಂಬಾಡಿಯಲ್ಲಿ ಬಿಟ್ಟುಹೋದ ಲಗೇಜು

1791ರ ಮೇ ತಿಂಗಳ ಮೊದಲ ವಾರ. ಬೆಂಗಳೂರಿನ ಕೋಟೆ ಬಿದ್ದು ಹತ್ತಿರ ಹತ್ತಿರ ಒಂದೂವರೆ ತಿಂಗಳಾಗಿತ್ತು. ಲಾರ್ಡ್ ಕಾರ್ನ್‌ವಾಲಿಸ್ ತನ್ನ ಸೈನ್ಯ ಕಟ್ಟಿಕೊಂಡು ಶ್ರೀರಂಗಪಟ್ಟಣಕ್ಕೆ ಹೊರಟ. ಈಗ ಎಕ್ಸ್‌ಪ್ರೆಸ್‌ವೇ ಹತ್ತಿದರೆ ಒಂದು ಪಾಡ್‌ಕಾಸ್ಟ್ ಮುಗಿಯೋ ಹೊತ್ತಿಗೆ ತಲುಪಿಬಿಡುವ ದೂರ ಅದು. ನೇರ ದಾರಿ ಆಗಲೂ ರಾಮನಗರ, ಚನ್ನಪಟ್ಟಣ, ಮದ್ದೂರಿನ ಮೇಲೇ ಹೋಗುತ್ತಿತ್ತು. ಆದರೆ ಟಿಪ್ಪು ಆ ದಾರಿಯಲ್ಲಿ ಮೇವು, ಕಾಳು ಏನೂ ಉಳಿಯದ ಹಾಗೆ ಮಾಡಿ ಕೂತಿದ್ದ. ಹಾಗಾಗಿ ಕಾರ್ನ್‌ವಾಲಿಸ್ ದಕ್ಷಿಣದ ಕಷ್ಟದ ದಾರಿ ಹಿಡಿದ: ಕಾನಕಾನಹಳ್ಳಿ, ಅಂದರೆ ಈಗಿನ ಕನಕಪುರ. ಅಲ್ಲಿಗೆ ಬಂದು ನೋಡಿದರೆ ಅಲ್ಲೂ ಅದೇ ಕತೆ. ಊರುಗಳು ಖಾಲಿ, ಹುಲ್ಲು ಬೂದಿ.

ನಮ್ಮ ಅಕ್ಕೂರು ಇರೋದು ಈ ಎರಡು ದಾರಿಗಳ ನಡುವಿನ ಸೀಮೆಯಲ್ಲಿ. ಚನ್ನಪಟ್ಟಣ ತಾಲ್ಲೂಕು, ರಾಗಿ, ತೆಂಗು, ಹಿಪ್ಪುನೇರಳೆ, ಸ್ವಲ್ಪ ದೂರದಲ್ಲಿ ಶಿಂಷಾ. ಯುದ್ಧದ ಪುಸ್ತಕಗಳಲ್ಲಿ ಈ ಊರಿನ ಹೆಸರು ಹುಡುಕಿ ಪ್ರಯೋಜನವಿಲ್ಲ. ಆದರೆ ಆ ಪುಸ್ತಕಗಳಲ್ಲಿ ಬರುವ ‘ಮದ್ದೂರು ನದಿ’ ಅಂದರೆ ಇದೇ ಶಿಂಷಾ. ಆ ಬೇಸಿಗೆಯಲ್ಲಿ ಸುಟ್ಟದ್ದು ಇಂಥವೇ ಊರುಗಳ ಹುಲ್ಲಿನ ಬಣವೆ.

ಕಾರ್ನ್‌ವಾಲಿಸನ ಸಮಸ್ಯೆ ಶೌರ್ಯದ್ದಲ್ಲ, ಪ್ಯಾಕಿಂಗಿನದು. ಕೋಟೆ ಒಡೆಯಲು ದೊಡ್ಡ ಫಿರಂಗಿ ಬೇಕು. ಫಿರಂಗಿಗೆ ಗುಂಡು, ಮದ್ದು ಬೇಕು. ಅವನ್ನು ಎಳೆಯಲು ಎತ್ತು, ಎತ್ತಿಗೆ ಮೇವು, ಮೇವು ಹೊರಲು ಇನ್ನಷ್ಟು ಎತ್ತು. ಈ ಲೆಕ್ಕ ಎಲ್ಲೂ ಮುಗಿಯುವುದಿಲ್ಲ. ಮೇ 15ರಂದು ಅರಕೆರೆಯ ಹತ್ತಿರ ನಡೆದ ಕಾಳಗದಲ್ಲಿ ಅವನು ಗೆದ್ದ. ಗೆದ್ದೂ ಏನೂ ಮಾಡಲಾಗಲಿಲ್ಲ. ಮಳೆ ಬೇಗ ಹಿಡಿದಿತ್ತು, ಎತ್ತುಗಳು ಹಿಂಡುಹಿಂಡಾಗಿ ಸಾಯುತ್ತಿದ್ದವು, ಸಿಪಾಯಿಗಳೇ ಬಂಡಿಗೆ ಹೆಗಲು ಕೊಟ್ಟು ಕೆಸರಲ್ಲಿ ಎಳೆಯುವ ಸ್ಥಿತಿ. ಕೊನೆಗೆ ಕಣ್ಣಂಬಾಡಿಯ ಬಳಿ, ಕೋಟೆ ಒಡೆಯಲೆಂದೇ ಅಷ್ಟು ದೂರ ಹೊತ್ತು ತಂದಿದ್ದ ಭಾರಿ ಫಿರಂಗಿಗಳನ್ನು ತಾನೇ ಹಾಳುಮಾಡಿ ಹಿಂದಿರುಗಿದ. ಸ್ಪರ್ಧೆಗೆ ಹೋಗಿ, ಬ್ಯಾಟನ್ನೇ ಮೈದಾನದ ಹೊರಗೆ ಸುಟ್ಟು ಮನೆಗೆ ಬಂದ ಹಾಗೆ.

ವಾಪಸು ಬರುವ ದಾರಿಯಲ್ಲಿ ಮರಾಠರ ದಂಡು ಸಿಕ್ಕಿತು. ಹಸಿದು ಕಂಗಾಲಾಗಿದ್ದ ಕಂಪನಿ ಸೈನ್ಯಕ್ಕೆ ಆ ಬೀಡಿನ ಬಜಾರು ಕಂಡ ಬಗೆಯನ್ನು ಮಾರ್ಕ್ ವಿಲ್ಕ್ಸ್ ತನ್ನ ಮೈಸೂರು ಇತಿಹಾಸದಲ್ಲಿ ಬಾಯಲ್ಲಿ ನೀರೂರುವಂತೆ ಬರೆದಿದ್ದಾನೆ. ಇಂಗ್ಲೆಂಡಿನ ಉಣ್ಣೆಬಟ್ಟೆ, ಬರ್ಮಿಂಗ್‌ಹ್ಯಾಮಿನ ಚಾಕು, ಕಾಶ್ಮೀರದ ಶಾಲು, ವಜ್ರ, ಯಾವುದೋ ಹಳ್ಳಿ ಹುಡುಗಿಯ ಕಿವಿಯಿಂದ ಕಿತ್ತ ಬೆಳ್ಳಿಯ ಓಲೆ, ಎಲ್ಲವೂ ಮಾರಾಟಕ್ಕೆ. ನನಗೆ ಆ ಕೊನೆಯ ಸಾಲು ಓದಿದಾಗಲೆಲ್ಲ ಒಂದು ಕ್ಷಣ ಪುಸ್ತಕ ಮುಚ್ಚಬೇಕು ಅನಿಸುತ್ತೆ. ಯಾರದ್ದೋ ಲಗೇಜಿನಲ್ಲಿ ನಮ್ಮೂರಿನ ಓಲೆ.

ಎರಡನೇ ಸಲ ಕಾರ್ನ್‌ವಾಲಿಸ್ ಬೇರೆ ಥರ ಹೊರಟ. ಮೊದಲು ಬೆನ್ನಹಿಂದಿನ ಬೆಟ್ಟದ ಕೋಟೆಗಳನ್ನು ಹಿಡಿದ. ಡಿಸೆಂಬರ್ 21ಕ್ಕೆ ಮಾಗಡಿಯ ಸಾವನದುರ್ಗ ಬಿತ್ತು, ಆಮೇಲೆ ಹುತ್ರಿದುರ್ಗ. ದಾರಿ ಭದ್ರವಾದ ಮೇಲೆ, ಎತ್ತಿನ ಹೇರುಗಳಲ್ಲಿ ಧಾನ್ಯ ಸಾಗಿಸುತ್ತಿದ್ದ ಲಂಬಾಣಿಗಳನ್ನು ನಂಬಿಕೊಂಡು, 1792ರ ಫೆಬ್ರವರಿಯಲ್ಲಿ ಶ್ರೀರಂಗಪಟ್ಟಣದ ಮುಂದೆ ನಿಂತ. ಆ ಯುದ್ಧವನ್ನು ಯಾರು ಗೆದ್ದರು ಎಂಬ ಪ್ರಶ್ನೆಗೆ ನಮ್ಮ ಶಾಲೆಯ ಪುಸ್ತಕಗಳು ಲಂಬಾಣಿ ಎತ್ತುಗಳ ಹೆಸರು ಹೇಳುವುದೇ ಇಲ್ಲ.

ಇದನ್ನೆಲ್ಲ ಹೇಳೋಕೆ ಕಾರಣ ಇದೆ. ಕಾರ್ನ್‌ವಾಲಿಸ್ ಫಿರಂಗಿ ಕಳೆದುಕೊಂಡ ಹಳೇ ಕಣ್ಣಂಬಾಡಿ ಈಗ ಕೃಷ್ಣರಾಜಸಾಗರದ ನೀರಿನಡಿ. ಜನ ಇಂದಿಗೂ ಆ ಅಣೆಕಟ್ಟನ್ನು ಕಣ್ಣಂಬಾಡಿ ಕಟ್ಟೆ ಅಂತಲೇ ಕರೆಯೋದು. ಆ ಹಿನ್ನೀರಿನಲ್ಲಿ ಈಗ ರಾಯಲ್ ಮೈಸೂರು ಸೈಲಿಂಗ್ ಕ್ಲಬ್ ಇದೆ, ಹಾಯಿದೋಣಿಗಳ ಸ್ಪರ್ಧೆ ನಡೆಯುತ್ತೆ. ಅದೇ ದಾರಿ ಹಿಡಿದು ಇಪ್ಪತ್ತರ ಹರೆಯದ ಹುಡುಗ ಹುಡುಗಿಯರು ಬೆನ್ನಿಗೊಂದು ಬ್ಯಾಗು ಹಾಕಿಕೊಂಡು ಬಸ್ಸಿಳಿದು ಹೋಗುತ್ತಾರೆ. ದೋಣಿ ಸ್ಪರ್ಧೆಗೆ ಹೋಗುವವರ ಕೈಯಲ್ಲಿ ದೋಣಿಯೇ ಇರುವುದಿಲ್ಲ! ಫಿರಂಗಿಯಿಂದ ಬೆನ್ನುಚೀಲದವರೆಗಿನ ಈ ಪ್ರಯಾಣ ಹೇಗಾಯಿತು ಅನ್ನೋದೇ ನನ್ನ ಕುತೂಹಲ.

ದೋಣಿಯನ್ನೇ ಹೊತ್ತುಕೊಂಡು ಹೋಗುವ ಉಪಾಯ ನಮ್ಮವರಿಗೆ ಮೊದಲೇ ಗೊತ್ತಿತ್ತು. ಹರಿಗೋಲು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಡೊಮಿಂಗೊ ಪಾಯೆಸ್ ಬುಟ್ಟಿಯಂಥ ಗುಂಡನೆಯ ದೋಣಿಗಳನ್ನು ನೋಡಿ ಬರೆದಿದ್ದಾನೆ: ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಕೂರಬಹುದು, ಬೇಕಿದ್ದರೆ ಕುದುರೆ, ಎತ್ತನ್ನೂ ದಾಟಿಸಬಹುದು. ಈಗಲೂ ಹಂಪಿಯಲ್ಲೋ ತಲಕಾಡಿನಲ್ಲೋ ಸಂಜೆ ಹೊತ್ತು ನಿಂತು ನೋಡಿ. ಕೆಲಸ ಮುಗಿಸಿದ ಅಂಬಿಗ ಹರಿಗೋಲನ್ನು ತಲೆಕೆಳಗು ಮಾಡಿ ಬೆನ್ನ ಮೇಲೆ ಹಾಕಿಕೊಂಡು ಆಮೆಯ ಥರ ನಡೆದು ಹೋಗ್ತಾನೆ. ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್‌ಲೂ ಗೆದ್ದು ವೆಲ್ಲಿಂಗ್ಟನ್ ಡ್ಯೂಕ್ ಆದವನು, ಟಿಪ್ಪುವಿನ ನಂತರದ ದಂಡಯಾತ್ರೆಗಳಲ್ಲಿ ತುಂಬಿದ ಹೊಳೆ ದಾಟಲು ಇದೇ ಬುಟ್ಟಿ ದೋಣಿಗಳನ್ನು ಹೆಣೆಸಿಕೊಂಡ. ಕಾರ್ನ್‌ವಾಲಿಸನ ಪಾಠ ಅವನಿಗೆ ಚೆನ್ನಾಗಿ ತಲೆಗೆ ಹೋಗಿತ್ತು ಅಂತ ಕಾಣುತ್ತೆ. ಹೊರುವುದನ್ನು ಕಡಿಮೆ ಮಾಡು, ಅಲ್ಲಲ್ಲೇ ಸಿಗುವುದರಿಂದ ಮಾಡಿಕೋ.

ಇಲ್ಲೊಂದು ಅಡ್ಡಮಾತು. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಚನ್ನಪಟ್ಟಣಕ್ಕೆ ಬಂದಿದ್ದ. ಅಲ್ಲಿ ಅವನು ಕಂಡದ್ದು ಗಾಜಿನ ಬಳೆ, ಸಕ್ಕರೆ, ಮತ್ತು ದೂರದೂರಿಗೆ ಹೋಗುತ್ತಿದ್ದ ಉಕ್ಕಿನ ತಂತಿ. ಹಾಯಿದೋಣಿಯ ಕಂಬವನ್ನು ಬಿಗಿಯಾಗಿ ನಿಲ್ಲಿಸುವುದು ಇವತ್ತಿಗೂ ಉಕ್ಕಿನ ತಂತಿಯೇ. ಆದರೆ ಚನ್ನಪಟ್ಟಣದ ತಂತಿ ಹೋಗುತ್ತಿದ್ದದ್ದು ವಾದ್ಯಗಳಿಗೆ. ಸಮುದ್ರವಿಲ್ಲದ ಸೀಮೆ, ಏನು ಮಾಡೋದು.

ಯೂರೋಪಿನ ಹಾಯಿದೋಣಿ ಸ್ಪರ್ಧೆ ಬಹುಕಾಲ ಕಾರ್ನ್‌ವಾಲಿಸ್ ಶೈಲಿಯಲ್ಲೇ ನಡೆಯಿತು. ಹಣವಿದ್ದವನು ದೊಡ್ಡ ದೋಣಿ ಕಟ್ಟಿಸುತ್ತಿದ್ದ, ಮುಂದಿನ ವರ್ಷ ಇನ್ನೊಬ್ಬ ಅದಕ್ಕಿಂತ ದೊಡ್ಡದು ಕಟ್ಟಿಸುತ್ತಿದ್ದ. ಸ್ಪರ್ಧೆ ನೀರಿನಲ್ಲಿ ನಡೆಯೋದಕ್ಕಿಂತ ಹೆಚ್ಚಾಗಿ ಬ್ಯಾಂಕಿನಲ್ಲಿ ನಡೆಯುತ್ತಿತ್ತು. ಇದಕ್ಕೆ ಬೇಸತ್ತು 1887ರಲ್ಲಿ ಡಬ್ಲಿನ್ನಿನ ಕೆಲವರು ‘ವಾಟರ್ ವ್ಯಾಗ್’ ಅಂತ ಒಂದು ಪುಟ್ಟ ದೋಣಿ ಮಾಡಿದರು. ಎಲ್ಲರದ್ದೂ ಒಂದೇ ಅಳತೆ, ಒಂದೇ ಹಾಯಿ. ಗೆದ್ದರೆ ನಿನ್ನ ಕೈಚಳಕದಿಂದ ಗೆಲ್ಲು, ಬಡಗಿಯ ಕೈಚಳಕದಿಂದಲ್ಲ ಅನ್ನೋ ಲೆಕ್ಕ. ಒಂದೇ ಅಚ್ಚಿನ ದೋಣಿಗಳ ಸ್ಪರ್ಧೆ ಶುರುವಾದದ್ದು ಅಲ್ಲಿಂದ. ದೋಣಿಗಳೆಲ್ಲ ಒಂದೇ ಆದ ಮೇಲೆ ಇನ್ನೊಂದು ಪ್ರಶ್ನೆ ಏಳಲೇಬೇಕಲ್ಲ: ಹಾಗಾದರೆ ನನ್ನ ದೋಣಿಯನ್ನು ನಾನೇ ಯಾಕೆ ಹೊತ್ತು ತರಬೇಕು?

ಅಮೆರಿಕದ ಕಾಲೇಜುಗಳು ಈ ಪ್ರಶ್ನೆಗೆ ಉತ್ತರ ಕಂಡುಕೊಂಡವು. 1936ರಲ್ಲಿ ಎಂಐಟಿ ತನ್ನ ಚಾರ್ಲ್ಸ್ ನದಿಯ ದಂಡೆಯಲ್ಲಿ ಸೇಲಿಂಗ್ ಪೆವಿಲಿಯನ್ ತೆರೆಯಿತು. ಅಲ್ಲಿಯ ಪ್ರೊಫೆಸರ್ ಜಾರ್ಜ್ ಓವೆನ್ ವಿನ್ಯಾಸ ಮಾಡಿದ ಒಂದೇ ಅಚ್ಚಿನ ‘ಟೆಕ್ ಡಿಂಗಿ’ಗಳು ಸಾಲಾಗಿ ನಿಂತಿದ್ದವು. ಕಾಲೇಜು ಸೇಲಿಂಗಿನ ರೂಢಿಯೇ ಹಾಗೆ ಬೆಳೆಯಿತು: ದೋಣಿ ಕೊಡೋದು ಆತಿಥೇಯ ಕಾಲೇಜಿನ ಕೆಲಸ, ಹೊರಗಿನಿಂದ ಬರುವ ತಂಡ ಮೈಮೇಲಿನ ಬಟ್ಟೆ ತಂದರೆ ಸಾಕು. ಅದಕ್ಕೂ ಮೇಲೊಂದು ಜಾಣತನ ಸೇರಿತು. ರೇಸಿನ ನಡುವೆ ತಂಡಗಳು ದೋಣಿ ಬದಲಿಸಿಕೊಳ್ಳುತ್ತವೆ. ಚೆನ್ನಾಗಿ ಓಡೋ ದೋಣಿ ಒಬ್ಬನಿಗೇ ಅಂಟಿಕೊಳ್ಳುವ ಹಾಗಿಲ್ಲ, ಡಕೋಟಾ ದೋಣಿಯೂ ಎಲ್ಲರ ಪಾಲಿಗೂ ಒಂದೊಂದು ಸಲ ಬರುತ್ತೆ. ಗಲ್ಲಿ ಕ್ರಿಕೆಟ್ಟಿನಲ್ಲಿ ಬ್ಯಾಟು ತಂದವನಿಗೆ ಮೊದಲ ಬ್ಯಾಟಿಂಗು ಅನ್ನೋ ನಿಯಮ ಇತ್ತಲ್ಲ, ಅದರ ಪೂರ್ತಿ ಉಲ್ಟಾ ಇದು.

ಒಲಿಂಪಿಕ್ಸಿನಲ್ಲೂ ಇದೇ ದಾರಿ. 1936ರಲ್ಲಿ ಕೀಲ್‌ನಲ್ಲಿ ಒಬ್ಬರೇ ನಡೆಸುವ ದೋಣಿಯ ಸ್ಪರ್ಧೆಗೆ ಜರ್ಮನಿಯವರೇ ದೋಣಿ ಮಾಡಿಸಿ ಕೊಟ್ಟರು. ಇವತ್ತಿಗೂ ಕೆಲವು ವರ್ಗಗಳಲ್ಲಿ ಹಾಗೇ, ಕೆಲವು ವರ್ಗಗಳಲ್ಲಿ ದೋಣಿ ನಿಮ್ಮದೇ. ಟೋಕಿಯೊ ಒಲಿಂಪಿಕ್ಸಿಗೆ ಭಾರತದಿಂದ ನಾಲ್ವರು ಹೋಗಿದ್ದರು. ನೇತ್ರಾ ಕುಮನನ್, ವಿಷ್ಣು ಸರವಣನ್ ಇಬ್ಬರದ್ದೂ ಲೇಸರ್ ವರ್ಗ, ಅವರಿಗೆ ದೋಣಿ ಅಲ್ಲೇ ಸಿಕ್ಕಿತು. ಕೆ.ಸಿ. ಗಣಪತಿ, ವರುಣ್ ಠಕ್ಕರ್ ಜೋಡಿಯದು 49er, ಆ ವರ್ಗದವರು ದೋಣಿಯ ವ್ಯವಸ್ಥೆ ತಾವೇ ಮಾಡಿಕೊಳ್ಳಬೇಕು. (ಕೇಳಪಂಡ ಚೆಂಗಪ್ಪ ಗಣಪತಿ. ಚೆನ್ನೈ ಹುಡುಗ, ಆದರೆ ಮನೆತನದ ಹೆಸರು ಕೇಳಿದ ಕೂಡಲೇ ಕೊಡಗು ಅಂತ ಗೊತ್ತಾಗುತ್ತೆ.) ಒಂದೇ ಬಾವುಟ, ಒಂದೇ ಎನೊಶಿಮಾ ಬಂದರು. ಆದರೆ ಲಗೇಜು ಬೇರೆ, ಖರ್ಚು ಬೇರೆ.

ಲೇಸರ್ ದೋಣಿಯ ಹುಟ್ಟೇ ಒಂದು ಪ್ಯಾಕಿಂಗ್ ಕತೆ. 1969ರಲ್ಲಿ ಕೆನಡಾದ ಇಯಾನ್ ಬ್ರೂಸ್‌ಗೆ ಕ್ಯಾಂಪಿಂಗ್ ಸಾಮಾನುಗಳ ಸಾಲೊಂದನ್ನು ರೂಪಿಸುವ ಕೆಲಸ ಬಂತು. ಟೆಂಟು, ಮಡಚುವ ಕುರ್ಚಿಗಳ ಜೊತೆಗೆ ಕಾರಿನ ಮೇಲೆ ಹೇರಿಕೊಂಡು ಹೋಗಬಹುದಾದ ಒಂದು ದೋಣಿಯೂ ಬೇಕಿತ್ತು. ಅವನು ಗೆಳೆಯ ಬ್ರೂಸ್ ಕರ್ಬಿಗೆ ಫೋನ್ ಮಾಡಿದ. ಕರ್ಬಿ ಮಾತಾಡ್ತಾ ಮಾತಾಡ್ತಾ ಕಾಗದದ ಮೇಲೆ ಗೀಚಿದ. ಕ್ಯಾಂಪಿಂಗ್ ಯೋಜನೆ ಬಿದ್ದುಹೋಯಿತು, ಗೀಚಿದ್ದು ಉಳಿಯಿತು. 4.23 ಮೀಟರ್ ಉದ್ದ, ಬರೀ ದೋಣಿಯ ತೂಕ ಅರವತ್ತು ಕೆ.ಜಿ.ಗೂ ಒಂಚೂರು ಕಡಿಮೆ. ಕಾರಿನ ಮೇಲೆ ಕೂರಬೇಕಲ್ಲ, ಅದಕ್ಕೇ ಹಾಯಿಕಂಬ ಎರಡು ತುಂಡು. 1971ರಲ್ಲಿ ಮಾರುಕಟ್ಟೆಗೆ ಬಂತು, 1996ರಲ್ಲಿ ಒಲಿಂಪಿಕ್ಸಿಗೆ. ಅಂಬಿಗನ ಬೆನ್ನಿನ ಹರಿಗೋಲಿಗೂ ಮಾರುತಿ ಕಾರಿನ ತಲೆ ಮೇಲಿನ ಲೇಸರ್‌ಗೂ ನನಗೆ ನೆಂಟಸ್ತಿಕೆ ಕಾಣುತ್ತೆ, ನಿಮಗೆ ಹೇಗೋ.

ಈಗ ನಮ್ಮ ಊರಿಗೆ ಬರೋಣ. ಕರ್ನಾಟಕದ ಕಾಲೇಜುಗಳಲ್ಲಿ ಸೇಲಿಂಗ್ ತಂಡ ಎಲ್ಲಿದೆ ಅಂತ ಹುಡುಕಿದರೆ ದಾರಿ ಹೆಚ್ಚಾಗಿ ಒಂದು ಕಡೆಗೇ ಹೋಗುತ್ತೆ: ಎನ್‌ಸಿಸಿ ನೇವಲ್ ವಿಂಗ್. 1948ರ ಕಾಯ್ದೆಯಿಂದ ಹುಟ್ಟಿದ ಎನ್‌ಸಿಸಿಗೆ ನೌಕಾ ವಿಭಾಗ ಸೇರಿದ್ದು 1952ರಲ್ಲಿ. ಬಿಳಿ ಯೂನಿಫಾರ್ಮಿನ ಹುಡುಗರನ್ನು ನೀವೂ ಕಾಲೇಜಿನಲ್ಲಿ ನೋಡಿರ್ತೀರಿ. ಸಮುದ್ರದಿಂದ ಮುನ್ನೂರು ಕಿಲೋಮೀಟರ್ ದೂರದಲ್ಲಿ ಇವರು ಏನು ನೇವಿ ಅಂತ ನಗಾಡಿಯೂ ಇರ್ತೀರಿ. ಬೆಂಗಳೂರಿಗೆ ಆ ನಗು ಶೋಭಿಸಲ್ಲ. ಹಲಸೂರು ಕೆರೆಯ ದಂಡೆಯ ಮದ್ರಾಸ್ ಸ್ಯಾಪರ್ಸ್ ಕೇಂದ್ರದಲ್ಲಿ ‘ತೃಷ್ಣಾ’ ಹೆಸರಿನ ಸೇಲಿಂಗ್ ಕ್ಲಬ್ಬೇ ಇದೆ. ತೃಷ್ಣಾ ಅಂದರೆ 1985ರಿಂದ 87ರವರೆಗೆ ಸೇನೆಯ ಇಂಜಿನಿಯರುಗಳು ಲೋಕ ಸುತ್ತಿ ಬಂದ ಹಾಯಿದೋಣಿ. ಭಾರತೀಯರು ಹಾಯಿಯಲ್ಲಿ ಭೂಮಿ ಸುತ್ತಿದ್ದು ಅದೇ ಮೊದಲು.

ಈ ನೇವಲ್ ಕೆಡೆಟ್ಟುಗಳ ದೊಡ್ಡ ಪರ ಊರ ಸ್ಪರ್ಧೆ ಅಂದರೆ ಅಖಿಲ ಭಾರತ ಯಾಟಿಂಗ್ ರೆಗಟ್ಟಾ. ಒಡಿಶಾದ ಚಿಲಿಕಾ ಸರೋವರದ ದಂಡೆಯಲ್ಲಿರುವ ನೌಕಾನೆಲೆ ಐಎನ್‌ಎಸ್ ಚಿಲ್ಕಾದಲ್ಲಿ ನಡೆಯುತ್ತೆ. ದೇಶದ ಎನ್‌ಸಿಸಿ ನಿರ್ದೇಶನಾಲಯಗಳಿಂದ ತಂಡ ಬರುತ್ತವೆ, ನಮ್ಮದು ಕರ್ನಾಟಕ ಮತ್ತು ಗೋವಾ ಸೇರಿ ಒಂದು. ದೋಣಿ ಅಲ್ಲಿಯದೇ: ಎಂಟರ್‌ಪ್ರೈಸ್, ಈಚೆಗೆ ಲೇಸರ್ ಬಹಿಯಾ ಕೂಡ. ಎಂಟರ್‌ಪ್ರೈಸ್ ಅಂದರೆ ಇಬ್ಬರು ನಡೆಸುವ, ನೀಲಿ ಹಾಯಿಗೆ ಹೆಸರಾದ ದೋಣಿ. 1956ರಲ್ಲಿ ಜ್ಯಾಕ್ ಹೋಲ್ಟ್ ಇದನ್ನು ಪ್ಲೈವುಡ್ಡಿನಲ್ಲಿ ಮಾಡಿದ್ದು ಮಧ್ಯಮ ವರ್ಗದವನು ಮನೆಯಲ್ಲೇ ಜೋಡಿಸಿಕೊಳ್ಳಲಿ ಅಂತ. ಅದರ ಪ್ರಚಾರಕ್ಕೆ ‘ನ್ಯೂಸ್ ಕ್ರಾನಿಕಲ್’ ಪತ್ರಿಕೆ ಜನವರಿ ಚಳಿಯ ರಾತ್ರಿಯಲ್ಲಿ ಎರಡು ದೋಣಿಗಳಿಂದ ಇಂಗ್ಲಿಷ್ ಕಡಲ್ಗಾಲುವೆ ದಾಟಿಸಿತ್ತು.

ನನ್ನ ಚಿಕ್ಕಮ್ಮನ ಮಗಳು ಹೀಗೊಂದು ತಂಡಕ್ಕೆ ಆಯ್ಕೆಯಾದಳು. ಬೆಂಗಳೂರಿನಲ್ಲಿ ಓದು, ಮನೆ ಅಕ್ಕೂರಿನಲ್ಲಿ. ಹೊರಡುವ ಮುಂಚಿನ ಭಾನುವಾರ ಜಗಲಿ ತುಂಬ ಸಾಮಾನು ಹರಡಿತ್ತು. ಕೊಟ್ಟಿದ್ದ ಪಟ್ಟಿಯ ಅರ್ಧ ಭಾಗ ದೋಣಿಗೆ ಸಂಬಂಧವೇ ಇಲ್ಲದ್ದು: ಬಿಳಿ ಯೂನಿಫಾರ್ಮು ಎರಡು ಜೊತೆ, ಶೂಗೆ ಬಿಳಿ ಪಾಲಿಶು, ಬಕಲ್ ಹೊಳೆಸಲು ಬ್ರಾಸೊ, ತಟ್ಟೆ ಲೋಟ, ಬೆಡ್‌ಶೀಟು, ಬೀಗ. ಉಳಿದರ್ಧ ನಿಜವಾದ ಸೇಲಿಂಗಿನದು. ಅದು ಚಿಕ್ಕಮ್ಮನಿಗೆ ಅರ್ಥವೇ ಆಗಲಿಲ್ಲ.

“ನೀರಲ್ಲಿ ಆಡೋಕೆ ಉದ್ದ ತೋಳಿನ ಅಂಗಿ ಯಾಕವ್ವ?”

“ಬಿಸ್ಲು ಕಣಮ್ಮ. ಮೇಲಿಂದ ಒಂದು, ನೀರಿಂದ ಒಂದು, ಎರಡು ಬಿಸ್ಲು.”

“ಇದ್ಯಾಕೆ, ಬೆರಳಿಲ್ಲದ ಗ್ಲೌಸು? ಹರಿದದ್ದು ಕೊಟ್ಟವ್ರೇನೋ ನೋಡು.”

ಹರಿದದ್ದಲ್ಲ. ಹಾಯಿಯ ಹಗ್ಗ ಗಾಳಿಗೆ ಎಳೆದಾಗ ಅಂಗೈ ಚರ್ಮ ಉಳೀಬೇಕು, ಗಂಟು ಬಿಚ್ಚೋಕೆ ಬೆರಳ ತುದಿ ಬರಿದಾಗಿರಬೇಕು. ಹಾಗೇ ಗಡಿಯಾರ. ಫೋನು ದೋಣಿಗೆ ಬರೋ ಹಾಗಿಲ್ಲ. ರೇಸು ಶುರುವಾಗುವ ಮೊದಲು ಐದು ನಿಮಿಷಕ್ಕೊಂದು ಸೂಚನೆ, ನಾಲ್ಕಕ್ಕೊಂದು, ಒಂದಕ್ಕೊಂದು. ಸೊನ್ನೆ ಆದಾಗ ನೀವು ಗೆರೆಯ ಮೇಲೇ ಇರಬೇಕು. ಮುಂಚೆ ದಾಟಿದರೆ ತಿರುಗಿ ಬರಬೇಕು, ತಡವಾದರೆ ಬೇರೆಯವರ ಹಾಯಿ ನಿಮ್ಮ ಗಾಳಿ ತಿಂದುಬಿಡುತ್ತೆ. ಸೆಕೆಂಡುಗಳನ್ನು ಹಿಂದಕ್ಕೆ ಎಣಿಸುವ, ನೀರು ಹೋಗದ ಒಂದು ಪ್ಲಾಸ್ಟಿಕ್ ಗಡಿಯಾರ ಇಡೀ ಬ್ಯಾಗಿನಲ್ಲಿ ಅತಿ ಮುಖ್ಯವಾದ ಸಾಮಾನು. ಅದನ್ನು ಅವಳು ಕಟ್ಟಿಕೊಂಡೇ ಮಲಗುತ್ತಿದ್ದಳು. ಲೈಫ್ ಜಾಕೆಟ್ ಅಲ್ಲೇ ಕೊಡ್ತಾರೆ. ಆದರೆ ಅಲ್ಲಿಯದು ಎಷ್ಟೋ ಸಲ ಅಳತೆಗೆ ಬರಲ್ಲ. ಸಡಿಲವಾದ ಜಾಕೆಟ್ ಹಾಕಿಕೊಂಡು ನೀರಿಗೆ ಬಿದ್ದರೆ ಜಾಕೆಟ್ ತೇಲುತ್ತೆ, ನೀವು ಅದರೊಳಗಿಂದ ಜಾರ್ತೀರಿ. ಸ್ವಂತದ್ದು ಇದ್ದವರ ಬ್ಯಾಗು ಅಲ್ಲಿ ಎದ್ದು ಕಾಣುತ್ತೆ ಅಂದಳು. ಒಂದೇ ಅಚ್ಚಿನ ದೋಣಿ ಕೊಟ್ಟು ಸಮ ಮಾಡಿದ್ದೆಲ್ಲ ಮತ್ತೆ ಬ್ಯಾಗಿನ ಬಾಗಿಲಿಂದ ಒಳಗೆ ಬರುತ್ತೆ, ಹಿಂಗೇ.

ನಿಯಮ ಮಾಡುವವರಿಗೂ ಇದು ಗೊತ್ತಿರುವ ವಿಷಯ. ಸಣ್ಣ ಹಾಯಿದೋಣಿಯಲ್ಲಿ ಮನುಷ್ಯನ ಮೈಯೇ ತೂಕದ ಕಲ್ಲು. ಗಾಳಿ ಒಂದು ಕಡೆಗೆ ವಾಲಿಸಿದರೆ ನೀವು ಇನ್ನೊಂದು ಕಡೆ ಹೊರಗೆ ಚಾಚಿ ಸಮ ಮಾಡಬೇಕು. 1948ರಿಂದ 1960ರವರೆಗೆ ಸಾಲಾಗಿ ನಾಲ್ಕು ಒಲಿಂಪಿಕ್ಸ್ ಚಿನ್ನ ಗೆದ್ದ ಡೆನ್ಮಾರ್ಕಿನ ಪೌಲ್ ಎಲ್ವ್‌ಸ್ಟ್ರೋಮ್ ಇದಕ್ಕಾಗಿ ಮನೆಯಲ್ಲೇ ಒಂದು ಬೆಂಚು ಮಾಡಿಕೊಂಡು ಗಂಟೆಗಟ್ಟಲೆ ಜೋತಾಡಿ ಅಭ್ಯಾಸ ಮಾಡ್ತಿದ್ದನಂತೆ. ಜೋತಾಡುವ ಶಕ್ತಿ ಕಡಿಮೆ ಇದ್ದವರು ಅಡ್ಡದಾರಿ ಹುಡುಕಿದರು: ಒಂದರ ಮೇಲೊಂದು ಉಣ್ಣೆ ಸ್ವೆಟರ್ ಹಾಕಿ, ನೀರಿನಲ್ಲಿ ಅದ್ದಿಕೊಂಡು ಕೂರೋದು. ಬಟ್ಟೆಯೇ ತೂಕ. ಬೆನ್ನು ಹಾಳಾದರೂ ಪರವಾಗಿಲ್ಲ, ರೇಸು ಗೆದ್ದರೆ ಸಾಕು. ಹೀಗೆ ಮೈಮೇಲೆ ಲಗೇಜು ಹೊರುವ ಚಟವನ್ನು ತಡೆಯಲು ನಿಯಮ ಬಂತು. ತೂಕ ಹೆಚ್ಚಿಸಿಕೊಳ್ಳಲೆಂದೇ ಏನನ್ನೂ ಹಾಕಿಕೊಳ್ಳುವಂತಿಲ್ಲ. ಮೈಮೇಲಿನ ಬಟ್ಟೆ ಮತ್ತು ಸಾಮಾನು ಸಾಮಾನ್ಯವಾಗಿ ಎಂಟು ಕೆ.ಜಿ. ಮೀರುವಂತಿಲ್ಲ. ತೂಗುವ ಕ್ರಮ ಇನ್ನೂ ಚೆಂದ. ಬಟ್ಟೆಯನ್ನೆಲ್ಲ ನೀರಿನಲ್ಲಿ ಪೂರ್ತಿ ನೆನೆಸಿ, ಒಂದು ಚೌಕಟ್ಟಿನ ಮೇಲೆ ಹರಡಿ, ಸರಿಯಾಗಿ ಒಂದು ನಿಮಿಷ ನೀರು ಸೋರಲು ಬಿಟ್ಟು, ಆಮೇಲೆ ತಕ್ಕಡಿಗೆ. ವಿಮಾನ ನಿಲ್ದಾಣದ ಕ್ಯಾಬಿನ್ ಬ್ಯಾಗಿನ ತಕ್ಕಡಿ ಇದರ ಮುಂದೆ ದಯಾಮಯಿ.

ಇದನ್ನು ನಾನು ಜಗಲಿಯಲ್ಲಿ ವಿವರಿಸಿದಾಗ ನಮ್ಮ ಹುಡುಗಿಗೆ ನಗು. ನಲವತ್ತೈದು ಕೆ.ಜಿ. ಇರೋ ಅವಳಿಗೆ ಜೋರು ಗಾಳಿ ಬಂದ ದಿನ ಎಂಟಲ್ಲ, ಇಪ್ಪತ್ತು ಕೆ.ಜಿ. ಸಿಕ್ಕಿದರೂ ಬೇಕಾಗಿತ್ತು. ಇಬ್ಬರ ದೋಣಿಯಲ್ಲಿ ಜೊತೆಗಾರ್ತಿ ಯಾರು, ಅವಳ ತೂಕ ಎಷ್ಟು ಅನ್ನೋದರ ಮೇಲೇ ಎಷ್ಟೋ ನಿಂತಿರುತ್ತೆ. ಪಟ್ಟಿಯಲ್ಲಿ ಬರೆಯಲಾಗದ ಸಾಮಾನು ಅಂದರೆ ಅದು.

ಬೆಂಗಳೂರಿಂದ ಬಾಲುಗಾಂವ್‌ಗೆ ರೈಲಿನಲ್ಲಿ ಒಂದು ದಿನಕ್ಕೂ ಹೆಚ್ಚು. ಚಿಕ್ಕಮ್ಮ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಡಬ್ಬಿಗಟ್ಟಲೆ ತುಂಬಿದ್ದರು. ಅದರ ಪಕ್ಕದಲ್ಲೇ ಒಂದು ಸ್ಟೀಲ್ ಡಬ್ಬಿ, ರಾಗಿ ಹುರಿಹಿಟ್ಟು. ಇದೊಂದರ ಬಗ್ಗೆ ನಾನು ಏನೂ ಹೇಳಲಿಲ್ಲ. ನಮ್ಮ ಕಡೆ ದೂರ ಹೋಗುವವರ ಗಂಟಿಗೆ ಮೊದಲಿಂದಲೂ ಹೋಗಿರೋದು ಅದೇ. ಬೆಂಕಿ ಬೇಡ, ಒಲೆ ಬೇಡ, ನೀರು ಬೆಲ್ಲ ಇದ್ದರೆ ಮುಗೀತು. 1791ರಲ್ಲಿ ಊರು ಬಿಟ್ಟು ಓಡಿದವರ ಸೆರಗಿನಲ್ಲೂ ಒಂದು ಹಿಡಿ ಇದ್ದಿರಬಹುದು. ಹುಡುಗಿ ಮಾತ್ರ ಡಬ್ಬಿ ಎತ್ತಿ ನೋಡಿ, “ಭಾರ ಆಗುತ್ತೆ, ಅರ್ಧ ತೆಗಿ” ಅಂದಳು. ಚಿಕ್ಕಮ್ಮ ಅರ್ಧ ತೆಗೆದ ಹಾಗೆ ಮಾಡಿ, ಅದನ್ನೇ ಒಂದು ಕವರಿಗೆ ಸುರಿದು, ಬಿಳಿ ಶೂ ಒಳಗೆ ತುರುಕಿದರು.

ಅದು ಗೊತ್ತಾಗಿದ್ದು ಚಿಲಿಕಾದಲ್ಲಿ, ಮೊದಲ ದಿನದ ಪರೇಡಿಗೆ ಹತ್ತು ನಿಮಿಷ ಇರುವಾಗ.